ಬ್ರೇಕಮ್ಮ ಒಂಬತ್ತು ಸಲ ಹೇಳಿದ್ದು

ಬ್ರೇಕಮ್ಮನ ಸಿಟ್ಟಿಗೆ ಹೆರಿಗೆ ಆಸ್ಪತ್ರೆಯ ಮೂರನೆಯ ಮಹಡಿ ಒಂದು ಗೇಣು ಕೆಳಗೆ ಕುಸಿಯಿತು. ನಂಬದವರು ಇವತ್ತೇ ಹೋಗಿ ನೋಡಬಹುದು. ಅಲ್ಲಿನ ಲಿಫ್ಟು ಈಗಲೂ ಮೂರನೆಯ ಮಹಡಿಯಲ್ಲಿ ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಲ್ಲುತ್ತದೆ. ಹತ್ತುವವರು ಕಾಲೆತ್ತಿ ಹತ್ತಬೇಕು, ಇಳಿಯುವವರು ಧುಮುಕಬೇಕು. ಲಿಫ್ಟು ಕೂರಿಸಿದ ದಿನದಿಂದಲೂ ಹೀಗೆಯೇ ಇದೆ ಎಂದು ಲಿಫ್ಟಿನವನು ಹೇಳುತ್ತಾನೆ. ಅವನಿಗೇನು, ಸಂಬಳ ಕೊಡುವವರ ಪರವಾಗಿ ಮಾತಾಡುತ್ತಾನೆ.

ಆ ಬೆಳಿಗ್ಗೆ ಹತ್ತು ಗಂಟೆಗೆ ಬ್ರೇಕಮ್ಮ ಆ ಲಿಫ್ಟಿನಿಂದ ಧುಮುಕಿದಳು. ಎಡಗೈಯಲ್ಲಿ ಕೈಚೀಲ, ಬಲಗೈಯಲ್ಲಿ ಎರಡು ಹಾಳೆಯ ದೂರು. ಅಕ್ಷರಗಳನ್ನು ಎಷ್ಟು ಒತ್ತಿ ಬರೆದಿದ್ದಳೆಂದರೆ ಹಾಳೆಯ ಹಿಂದಿನಿಂದಲೂ ಕುರುಡರು ಬೆರಳಾಡಿಸಿ ಓದಬಹುದಿತ್ತು. ಬೇಡಿಕೆ ಒಂದೇ: ನಿನ್ನೆ ಬೆಳಿಗ್ಗೆ ತನ್ನ ಸೊಸೆಯನ್ನು ಸೇರಿಸಿಕೊಂಡ ಸಿಸ್ಟರನ್ನು ಸಂಜೆಯೊಳಗೆ ಕೆಲಸದಿಂದ ತೆಗೆಯಬೇಕು, ಇನ್ನೆಂದೂ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಅವಳು ಹತ್ತಬಾರದು. ಕಾರಣವೂ ಒಂದೇ: ಒಂದು ದಿನ ತುಂಬದ ಮೊಮ್ಮಗಳು ಎರಡನೆಯ ಮಹಡಿಯಲ್ಲಿ, ಎಳೆಮಕ್ಕಳ ಕೋಣೆಯ ಬಿಸಿ ಹಾಸಿಗೆಯ ಮೇಲೆ, ಹತ್ತಿಬತ್ತಿಯಂಥ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದೆ. ಆ ಸಿಸ್ಟರ್ ಒಂದೇ ಒಂದು ಮಾತನ್ನು ಬರೆದುಕೊಂಡಿದ್ದರೆ ಆ ಸೂಜಿ ಬೇಕಿರಲಿಲ್ಲ.

ಬ್ರೇಕಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾಳೆ. ಕಲಿಸುವ ಕಾರಿಗೆ ಎರಡು ಬ್ರೇಕು ಇರುತ್ತವೆ, ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಗುರುವಿನ ಕಾಲಡಿಗೆ. ತನ್ನ ಬಲಗಾಲಿನ ಹೆಬ್ಬೆರಳು ಈವರೆಗೆ ಒಂದು ಎಮ್ಮೆಯನ್ನೂ, ಒಬ್ಬ ನ್ಯಾಯಾಧೀಶರನ್ನೂ, ಹನ್ನೊಂದು ಮದುವೆಗಳನ್ನೂ ಉಳಿಸಿದೆ ಎಂದು ಅವಳು ಹೇಳುತ್ತಾಳೆ. ಎಮ್ಮೆ ಇದನ್ನು ಅಲ್ಲಗಳೆದಿಲ್ಲ. ಕಾಲಿಗೆ ಬ್ರೇಕು ಇದ್ದರೂ ನಾಲಿಗೆಗೆ ಇಲ್ಲ ಎನ್ನುವವರೂ ಊರಲ್ಲಿದ್ದಾರೆ. ಮುಖ್ಯವಾಗಿ ಎದುರು ರಸ್ತೆಯ ಡ್ರೈವಿಂಗ್ ಸ್ಕೂಲಿನ ಒಡತಿ, ಹಾರ್ನಮ್ಮ ಎಂದು ಹೆಸರಾದವಳು.

ಸೊಸೆ ಇದಕ್ಕೆಲ್ಲ ತದ್ವಿರುದ್ಧ. ಗ್ರಂಥಾಲಯದಲ್ಲಿ ಕೆಲಸ, ಮನೆಯಲ್ಲೂ ಗ್ರಂಥಾಲಯದಲ್ಲಿ ಮಾತಾಡಿದಷ್ಟೇ ಮೆತ್ತಗೆ ಮಾತು. ಬಸುರಿನ ಐದನೆಯ ತಿಂಗಳಲ್ಲಿ ಅವಳ ಹೃದಯ ಕೂತಲ್ಲೇ ಓಡತೊಡಗಿತು. ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದವಳು ಹಾಗೆಯೇ ಮೇಜು ಹಿಡಿದು ಕೂತಳು. ನಾಡಿ ನಿಮಿಷಕ್ಕೆ ನೂರ ಎಪ್ಪತ್ತು. ಹೃದಯದ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ ಬೀಟಾ-ಬ್ಲಾಕರ್ ಎಂಬ ಜಾತಿಯ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ಅತ್ತೆ ಸೊಸೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಓಡು ಅಂತ ಹೃದಯಕ್ಕೆ ಬರೋ ಸುದ್ದೀನ ಈ ಮಾತ್ರೆ ದಾರೀಲೇ ತಡೆಯುತ್ತೆ. ನೀವಾಗಿ ನಿಲ್ಲಿಸ್ಬೇಡಿ, ಹೆರಿಗೆ ದಿನಾನೂ ನಿಲ್ಲಿಸ್ಬೇಡಿ. ಆದ್ರೆ ಹೆರಿಗೆ ಮಾಡಿಸೋರಿಗೆ ಮೊದಲೇ ಗೊತ್ತಿರ್ಬೇಕು. ತಾಯಿಗೆ ರಕ್ತ ಜಾಸ್ತಿ ಹೋದ್ರೆ ನಾಡಿ ಓಡಿ ಎಚ್ಚರಿಸ್ಬೇಕು. ಮಾತ್ರೆ ಇದ್ದಾಗ ಅದು ಓಡಲ್ಲ, ಎಲ್ಲಾ ಸರಿ ಇದೆ ಅಂತ ಮೋಸ ಹೋಗ್ತೀವಿ. ಮಗುವಿನ ಮೈಗೂ ಒಂದಿಷ್ಟು ಹೋಗಿರುತ್ತೆ. ಹುಟ್ಟಿದ ಮೇಲೆ ಒಂದೆರಡು ದಿನ ಎದೆಬಡಿತ ನಿಧಾನ ಆಗ್ಬಹುದು, ಉಸಿರಾಟ ಮಂಕಾಗ್ಬಹುದು, ರಕ್ತದ ಸಕ್ಕರೆ ಇಳೀಬಹುದು. ನೋಡ್ತಾ ಇದ್ರೆ ಹೆದರೋದು ಬೇಡ. ನೋಡದೆ ಇದ್ರೆ ಹೆದರ್ಬೇಕು."

ಸೊಸೆ ತಲೆಯಾಡಿಸಿದಳು. ಬ್ರೇಕಮ್ಮ ಮಾತ್ರ ಕುರ್ಚಿಯ ತುದಿಗೆ ಜರುಗಿದಳು.

"ಅಂದ್ರೆ ನನ್ನ ಕಾರಿನ ಹಾಗೆ ಅನ್ನಿ ಡಾಕ್ಟ್ರೇ! ನಾನು ಈ ಕಡೆ ಒತ್ತಿದ್ರೆ ಆ ಕಡೆ ಕಲಿಯೋರ ಕಾಲಡೀಲೂ ಪೆಡಲು ಕೆಳಗೆ ಹೋಗುತ್ತೆ. ಗಾಡಿ ಇಬ್ಬರದ್ದೂ ನಿಧಾನ."

"ಅಮ್ಮ, ನನ್ನ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಹೇಳಲ್ಲ," ಎಂದು ಡಾಕ್ಟರು ನಕ್ಕು, ಹೇಳಿದ್ದನ್ನೆಲ್ಲ ಒಂದು ದಪ್ಪ ಚೀಟಿಯಲ್ಲಿ ಬರೆದು, ಹೆರಿಗೆಗೆ ಹೋದ ಕಡೆ ಕೊಡಿ ಎಂದು ಸಹಿ ಹಾಕಿ ಕೊಟ್ಟರು. ಮನೆ ತಲುಪುವಷ್ಟರಲ್ಲಿ, ಬ್ರೇಕಮ್ಮನ ಬಾಯಲ್ಲಿ, ಡಾಕ್ಟರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟಿದ್ದರು. ಅದಿರಲಿ. ಆ ಮಾತ್ರೆಯ ವಿಷಯವನ್ನು ಆ ಮನೆಯಲ್ಲಿ ಅವಳಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ ಎಂಬುದಂತೂ ದಿಟ.

ಮೂರನೆಯ ಮಹಡಿಯ ನರ್ಸಿಂಗ್ ಮೇಲ್ವಿಚಾರಕಿಯ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಗೋದ್ರೆಜ್ ಬೀರು, ಕಿಟಕಿಯ ಅಂಚಿಗೆ ಒಣಗಿದ ಗಿಡ. ಮೇಲ್ವಿಚಾರಕಿ ದೂರನ್ನು ಎರಡು ಸಲ ಓದಿ ಕನ್ನಡಕ ತೆಗೆದಳು. ಬಾಗಿಲ ಪಕ್ಕದಲ್ಲಿ ಆ ಸಿಸ್ಟರ್ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ಸಣಕಲು ಹುಡುಗಿ, ಗುತ್ತಿಗೆಯ ಕೆಲಸದವಳು. ಗುತ್ತಿಗೆಯವರನ್ನು ಮನೆಗೆ ಕಳಿಸಲು ವಿಚಾರಣೆ ಬೇಕಿಲ್ಲ. ತಪ್ಪೊಪ್ಪಿಗೆಯ ಒಂದು ಸಹಿ ಸಾಕು. ಆ ಕಾಗದ ಆಗಲೇ ಮೇಜಿನ ಮೇಲೆ ಟೈಪಾಗಿ ಕೂತಿತ್ತು.

"ಕೂತ್ಕೊಳ್ಳಿ ಅಮ್ಮ. ಮಗು ಈಗ ಪರವಾಗಿಲ್ಲ ಅಂತ ಕೇಳಿದೆ."

"ಕೂತ್ಕೊಳ್ಳೋಕೆ ಬಂದಿಲ್ಲ ನಾನು! ಪರವಾಗಿಲ್ವಂತೆ! ಒಂದು ಚೀಲ ಸಕ್ಕರೆ ನೀರು ಏರಿಸಿ ಪರವಾಗಿಲ್ಲ ಅಂತೀರಾ? ಮೂರು ಸಲ ಹೇಳ್ದೆ ಮೇಡಂ ಈ ಹುಡುಗೀಗೆ. ಮೂರು ಸಲ! 'ನಮ್ಮ ಸೊಸೆ ಎದೆಗೆ ಮಾತ್ರೆ ತಗೋತಾಳೆ, ಬರ್ಕೊಳಮ್ಮಾ' ಅಂತ. ಕಿವೀಲಿ ಏನಿಟ್ಕೊಂಡಿದ್ಲು ಕೇಳಿ!"

"ನೀವು ಹೇಳ್ಲಿಲ್ಲ," ಎಂದಳು ಸಿಸ್ಟರ್.

"ಕೇಳಿದ್ರಾ? ಕೇಳಿದ್ರಾ ಮೇಡಂ? ನನ್ನ ತಲೆ ಹಣ್ಣಾಗಿದೆ, ಸುಳ್ಳು ಹೇಳ್ತೀನಾ ನಾನು?"

ಮೇಲ್ವಿಚಾರಕಿ ಎರಡು ಫೈಲುಗಳನ್ನು ಮುಂದಕ್ಕೆಳೆದಳು. ಒಂದು ತಾಯಿಯದು, ಇನ್ನೊಂದು ಮಗುವಿನದು. "ಮೊದಲಿಂದ ಹೇಳಿ," ಎಂದಳು.

ಬ್ರೇಕಮ್ಮನಿಗೆ ಮೊದಲಿಂದ ಹೇಳಿ ಎನ್ನುವುದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿದಂತೆ.

ನಿನ್ನೆ ಬೆಳಿಗ್ಗೆ ಆರಕ್ಕೆ ಸೊಸೆ ಮಾತ್ರೆ ನುಂಗಿದಳು, ಆರೂಕಾಲಿಗೆ ನೋವು ಬಂತು. ಹೇಳಿದ ದಿನಕ್ಕೆ ಇನ್ನೂ ಹದಿನೆಂಟು ದಿನವಿತ್ತು. ತಿಂಗಳು ತಿಂಗಳು ತೋರಿಸುತ್ತಿದ್ದ ಬೀದಿಯ ಚಿಕ್ಕ ಕ್ಲಿನಿಕ್ಕಿಗೆ ಬೀಗ. ಆ ಡಾಕ್ಟರಮ್ಮ ಊರಲ್ಲಿಲ್ಲ. ಮಗ ಸ್ಟೀರಿಂಗ್ ಹಿಡಿದ, ಗೇರು ಹಾಕುವುದನ್ನೇ ಮರೆತ. ಬ್ರೇಕಮ್ಮನೇ ಅವನನ್ನು ಹಿಂದಕ್ಕೆ ತಳ್ಳಿ ಗಾಡಿ ಓಡಿಸಿದಳು. ಮನೆಯಿಂದ ಆಸ್ಪತ್ರೆಗೆ ಎಂಟು ಕಿಲೋಮೀಟರು, ನಾಲ್ಕೇ ನಿಮಿಷ, ಎರಡು ಸಿಗ್ನಲ್ಲುಗಳು ಅವಳನ್ನು ದೂರದಿಂದ ಕಂಡೇ ಹಸಿರಾದವು. (ಮಗ ಇದನ್ನು ಇಪ್ಪತ್ತೈದು ನಿಮಿಷ ಎನ್ನುತ್ತಾನೆ. ಅವನು ಕಣ್ಣು ಮುಚ್ಚಿಕೊಂಡಿದ್ದ.)

ಆಸ್ಪತ್ರೆಯ ಕೆಳಗಿನ ಹಜಾರದಲ್ಲಿ ಉದ್ದನೆಯ ಕೌಂಟರು, ಮುಂದೆ ಸಾಲು, ಬೆಂಚುಗಳ ಮೇಲೆ ನಲವತ್ತು ಜನ. ಸೊಸೆಯನ್ನು ಚಕ್ರದ ಕುರ್ಚಿಯಲ್ಲಿ ಕೂರಿಸಿ ಒಳಗೆ ಕರೆದೊಯ್ದರು. ಕೌಂಟರಿನ ಹಿಂದೆ ಈ ಸಿಸ್ಟರ್ ಹಾಳೆಯ ಮೇಲೆ ಹಾಳೆ ತಿರುವುತ್ತ ಪ್ರಶ್ನೆಗಳನ್ನು ಕೂಗುತ್ತಿದ್ದಳು. ವಯಸ್ಸು? ಎಷ್ಟನೇದು? ಹಿಂದೆ ಏನಾದ್ರೂ ಕಾಯಿಲೆ? ಮಾತ್ರೆ ತಗೋತಾರಾ?

"ಅಲ್ಲೇ ಹೇಳ್ದೆ," ಎಂದಳು ಬ್ರೇಕಮ್ಮ. "ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಹೇಳ್ದೆ. ಬೇಕಾದ್ರೆ ಹಾರ್ನಮ್ಮನನ್ನೇ ಕರೆಸಿ ಕೇಳಿ. ಮಗಳನ್ನ ಸೇರಿಸೋಕೆ ಬಂದು ನನ್ನ ಬೆನ್ನ ಹಿಂದೇನೇ ನಿಂತಿದ್ಲು. ನನ್ನ ಶತ್ರು ಅವಳು. ಶತ್ರೂನೇ ಸಾಕ್ಷಿ ಹೇಳ್ತಾಳೆ."

ಹೇಳಿ ಮುಗಿಸಿದ ಮೇಲೆ ಯಾಕೋ ಅವಳು ಕೈಚೀಲವನ್ನು ಮೊಣಕೈಯಿಂದ ಒಂದಿಷ್ಟು ಒಳಗೆಳೆದುಕೊಂಡಳು.

ಹೆರಿಗೆ ಹನ್ನೊಂದೂವರೆಗೆ ಆಯಿತು. ಹೆಣ್ಣು; ಎರಡು ಕಿಲೋ ನಾನೂರು ಗ್ರಾಂ. ಮಗುವಿಗೆ ಹೊಸ ಫೈಲು ತೆರೆದರು. ಆ ಆಸ್ಪತ್ರೆಯಲ್ಲಿ ಕ್ರಮವೇ ಹಾಗೆ: ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಲ್ಲೇ ತಾಯಿಯ ಕಾಗದ ಬೇರೆ, ಮಗುವಿನ ಕಾಗದ ಬೇರೆ. ತಾಯಿಯ ಫೈಲಿನಲ್ಲಿ ಮಾತ್ರೆ ಇದ್ದರೆ ಅದನ್ನು ಮಗುವಿನ ಫೈಲಿಗೆ ಕೆಂಪು ಶಾಯಿಯಲ್ಲಿ ಇಳಿಸಬೇಕು. ಇರಲಿಲ್ಲವಾದ್ದರಿಂದ ಇಳಿಸಲಿಲ್ಲ. ಮಗು ಒಂದೇ ಸಲ ಅತ್ತು ಸುಮ್ಮನಾಯಿತು. ಹಾಲಿಗೆ ಬಾಯಿ ಇಟ್ಟಿತು, ಚೀಪದೆ ಮಲಗಿತು. ಪಕ್ಕದ ಹಾಸಿಗೆಗಳ ಕೂಸುಗಳು ಛಾವಣಿ ಹಾರಿಹೋಗುವಂತೆ ಅರಚುತ್ತಿದ್ದರೆ ಇದು ಮಾತ್ರ ಕಣ್ಣು ತೆರೆಯಲಿಲ್ಲ.

"ಎಂಥ ಸಮಾಧಾನದ ಕೂಸು ನಿಮ್ಮದು!" ಎಂದು ಪಕ್ಕದ ಹಾಸಿಗೆಯ ಅಜ್ಜಿ ಹೊಟ್ಟೆಕಿಚ್ಚುಪಟ್ಟಳು.

ಇಂಥ ಮಾತಿಗೆ ಬ್ರೇಕಮ್ಮ ಉತ್ತರ ಕೊಡದೆ ಇದ್ದದ್ದು ಅವಳ ಹುಟ್ಟಿನಲ್ಲೇ ಇಲ್ಲ. ತಮ್ಮ ವಂಶದಲ್ಲಿ ಯಾವ ಮಗುವೂ ಅತ್ತಿಲ್ಲವೆಂದೂ, ತನ್ನ ಮಗ ಮೂರನೆಯ ದಿನವೇ ನಕ್ಕನೆಂದೂ, ತಾನಂತೂ ಹುಟ್ಟಿದ ತಕ್ಷಣ ಸೂಲಗಿತ್ತಿಯ ಕ್ಷೇಮ ವಿಚಾರಿಸಿದೆನೆಂದೂ ಅರ್ಧ ವಾರ್ಡಿಗೆ ಕೇಳುವಂತೆ ಹೇಳಿದಳು. ಹೀಗೆ ಮಗು ಮೂರು ಗಂಟೆ ಮಲಗಿತು. ಸೊಸೆಯೂ ಮಲಗಿದಳು. ಚೀಟಿ ಓದಿದವರು ಬಂದು ನೋಡುತ್ತಾರೆ ಎಂದು ಅವಳು ನಂಬಿದ್ದಳು.

ಎರಡೂವರೆಗೆ ಮಗುವಿನ ಕಾಲು ಮಂಜುಗಡ್ಡೆಯಾಗಿತ್ತು. ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಎಳೆಮಕ್ಕಳ ಡಾಕ್ಟರು ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ನೋಡಿದರು, ಸಕ್ಕರೆ ಇಪ್ಪತ್ತಮೂರು. ನಲವತ್ತೈದಾದರೂ ಇರಬೇಕಿತ್ತು. ಎದೆಬಡಿತ ತೊಂಬತ್ತು, ಹಸುಗೂಸಿಗೆ ನೂರಿಪ್ಪತ್ತರ ಮೇಲೆ ಬೇಕು. "ತಾಯಿಗೆ ಏನು ಮಾತ್ರೆ ಕೊಟ್ಟಿದ್ರು?" ಎಂದು ಅವರು ಕೂಗಿದ್ದಕ್ಕೆ ಬ್ರೇಕಮ್ಮ ಮಾತ್ರೆಯ ಹೆಸರು, ಪ್ರಮಾಣ, ಬೆಳಿಗ್ಗೆ ಆರಕ್ಕೆ ನುಂಗಿದ್ದು, ಎಲ್ಲವನ್ನೂ ಗಿಣಿಯಂತೆ ಒಪ್ಪಿಸಿದಳು. ಸೂಜಿ, ಸಕ್ಕರೆ ನೀರು, ಬಿಸಿ ಹಾಸಿಗೆ, ಎದೆಗೆ ಮೂರು ತಂತಿ. ಇವತ್ತು ಬೆಳಿಗ್ಗೆ ಸಕ್ಕರೆ ಐವತ್ತೆಂಟಕ್ಕೆ ಬಂದಿತ್ತು. ನಾಳೆಯವರೆಗೆ ಅಲ್ಲೇ ಇಡಬೇಕು.

"ಕಾಲು ತಣ್ಣಗಿದೆ ಅಂತ ಕಂಡುಹಿಡಿದೋಳು ಯಾರು ಮೇಡಂ? ನಾನು! ಕೂಗು ಹಾಕ್ದೆ ನೋಡಿ, ಏಳು ಜನ ಡಾಕ್ಟ್ರು ಓಡಿ ಬಂದ್ರು. ನಾನು ಇಲ್ದೆ ಇದ್ದಿದ್ರೆ..." ಬ್ರೇಕಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅದು ನಟನೆಯಲ್ಲ. "ಇವಳು ಮಾತ್ರ ಹಾಯಾಗಿ ಎರಡು ಗಂಟೆಗೆ ಡ್ಯೂಟಿ ಮುಗಿಸಿದ್ಲು. ಏಳು ಸಲ ಹೇಳಿದ್ರೂ ಬರ್ಕೊಳ್ದೆ ಇದ್ದೋಳು!"

"ಮೂರು ಸಲ ಅಂದ್ರಿ," ಎಂದಳು ಮೇಲ್ವಿಚಾರಕಿ.

"ಕೌಂಟರಿನಲ್ಲಿ ಮೂರು. ಹೆರಿಗೆ ಕೋಣೆ ಬಾಗಿಲಲ್ಲಿ ನಾಲ್ಕು."

ಮೇಲ್ವಿಚಾರಕಿ ತಾಯಿಯ ಫೈಲನ್ನು ತೆರೆದು ಮೊದಲ ಪುಟದ ಮೇಲೆ ಬೆರಳಿಟ್ಟಳು. ಮಾತ್ರೆಗಳು ಎಂಬುದರ ಎದುರು ದುಂಡಗಿನ ಅಕ್ಷರದಲ್ಲಿ ಇಲ್ಲ ಎಂದಿತ್ತು. ನಾಡಿ ಎಂಬುದರ ಎದುರು ಅರವತ್ತು.

"ಇಷ್ಟು ನೋವಲ್ಲಿ ನಾಡಿ ಅರವತ್ತು. ನಿನಗೆ ಅನುಮಾನ ಬರ್ಲಿಲ್ವಾ?" ಪ್ರಶ್ನೆ ಸಿಸ್ಟರಿಗೆ.

"ಬಂತು ಮೇಡಂ. ಒಳಗಿಂದ ನಾಡಿ ಬರೆದು ಕಳಿಸಿದ ಮೇಲೆ ಎದ್ದು ಬಂದು ಇವರನ್ನೇ ಮತ್ತೆ ಕೇಳ್ದೆ. 'ನಮ್ಮ ಮನೆಯವರ ಎದೆ ಗಡಿಯಾರ ಇದ್ದ ಹಾಗೆ' ಅಂದ್ರು. ನನಗೆ ನಗು ಬಂತು. ನಕ್ಕೆ. ಅಲ್ಲಿಗೆ ಬಿಟ್ಟೆ. ಒಳಗೆ ಹೋಗಿ ಅವರನ್ನೇ ಒಂದು ಮಾತು ಕೇಳ್ಬೇಕಿತ್ತು. ಅಷ್ಟು ನನ್ನ ತಪ್ಪು. ಅದಕ್ಕೆ ಬೈರಿ, ಕೇಳ್ತೀನಿ." ಅವಳ ದನಿ ಏರಿತು; ಕೈಗಳು ಬೆನ್ನ ಹಿಂದಿನಿಂದ ಮುಂದೆ ಬಂದಿದ್ದವು. "ಆದ್ರೆ ನಲವತ್ತು ಜನರ ಎದುರಿಗೆ ನಿಲ್ಲಿಸಿ, ನಿಮ್ಮ ಮನೆ ಹೆಣ್ಣುಮಗಳಿಗೆ ಏನು ರೋಗ ಅಂತ ಕೂಗಿ ಕೇಳೋ ಹಾಗೆ ಮಾಡಿಟ್ಟೋರು ಯಾರು ಮೇಡಂ? ಯಾರು ನಿಜ ಹೇಳ್ತಾರೆ ಅಲ್ಲಿ? ಒಂದು ಪರದೆ ಹಾಕ್ಸಿ, ಒಂದು ಮೂಲೆ ಕೊಡಿ ಅಂತ ನಾಲ್ಕು ಸಲ ಬರೆದುಕೊಟ್ಟಿದ್ದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಈಗ ನನ್ನ ಸಹಿ ಬೇಕು ನಿಮಗೆ!"

"ದನಿ ತಗ್ಗಿಸಮ್ಮ."

"ತಗ್ಗಿಸಲ್ಲ! ಕೆಲಸ ಹೋದ ಮೇಲೆ ದನಿ ಇಟ್ಕೊಂಡು ಏನು ಮಾಡ್ಲಿ?"

ಬ್ರೇಕಮ್ಮ ಕಂಗಾಲಾದಳು. ಸಿಟ್ಟಿನಲ್ಲಿ ತನ್ನನ್ನು ಮೀರಿಸಿದವರನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಯಾರೂ ಹೇಳದಿದ್ದರೂ ಕುರ್ಚಿಯಲ್ಲಿ ಕೂತಳು. ಮತ್ತೆ ತಟ್ಟನೆ ಎದ್ದಳು.

"ನಾಟಕ ಆಡ್ತಾಳೆ ಮೇಡಂ! ಒಂಬತ್ತು ಸಲ ಹೇಳಿದ್ದೀನಿ ನಾನು, ಒಂಬತ್ತು! ಚೀಟೀನೂ ಇವಳ ಕೈಗೇ ಕೊಟ್ಟೆ. ಎಲ್ಲಿ ಬಿಸಾಕಿದ್ಲೋ. ಹಾಕಿಸಿ ಸಹಿ!"

ಮೇಲ್ವಿಚಾರಕಿ ಕಾಗದವನ್ನು ಸಿಸ್ಟರಿನ ಕಡೆ ತಿರುಗಿಸಿದಳು. ಪೆನ್ನನ್ನು ಅದರ ಮೇಲಿಟ್ಟಳು. ಸಿಸ್ಟರ್ ಪೆನ್ನು ಮುಟ್ಟಲಿಲ್ಲ, ಹಿಂದಕ್ಕೂ ಸರಿಯಲಿಲ್ಲ.

ಆಗ ಬಾಗಿಲು ತೆರೆಯಿತು. ಮಗ ಚಕ್ರದ ಕುರ್ಚಿಯನ್ನು ತಳ್ಳಿಕೊಂಡು ಬಂದ. ಕುರ್ಚಿಯಲ್ಲಿ ಸೊಸೆ, ಆಸ್ಪತ್ರೆಯ ನೀಲಿ ಅಂಗಿ, ಕೆದರಿದ ತಲೆ, ಬಿಳಿಚಿದ ತುಟಿ. ಮಗ ಅಮ್ಮನ ಮುಖ ನೋಡದೆ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ.

"ಅಯ್ಯೋ, ನೀನ್ಯಾಕೆ ಎದ್ದು ಬಂದೆ? ಏನೋ ಇವನೇ, ಬುದ್ಧಿ ಇದ್ಯಾ ನಿನಗೆ?"

"ನಾನೇ ಕರ್ಕೊಂಡು ಬಾ ಅಂದೆ," ಎಂದಳು ಸೊಸೆ. ಅದೇ ಗ್ರಂಥಾಲಯದ ದನಿ. "ಮೇಡಂ, ಈ ಸಿಸ್ಟರ್ ನಿನ್ನೆ ಸಂಜೆ ನನ್ನ ಹತ್ರ ಬಂದಿದ್ರು. ಬೈಯೋಕೂ ಅಲ್ಲ, ಅಳೋಕೂ ಅಲ್ಲ. 'ನಿಮ್ಮತ್ತೆ ಚೀಟಿ ನನ್ನ ಕೈಗೇ ಕೊಟ್ಟೆ ಅಂತಿದ್ದಾರೆ. ಅದು ಯಾವ ಬಣ್ಣ ಇತ್ತು, ಯಾವ ಅಳತೆ ಇತ್ತು ಹೇಳಿ. ನನ್ನ ಕೈಗೆ ಬಂದಿದ್ದು ನೆನಪಾಗ್ತಿಲ್ಲ, ಬಂದಿದ್ರೆ ನಾನು ಈ ಕೆಲಸಕ್ಕೆ ಯೋಗ್ಯಳಲ್ಲ' ಅಂದ್ರು. ಕೌಂಟರಿನ ಕೆಳಗೆ, ಕಸದ ಡಬ್ಬೀಲಿ, ಎಲ್ಲಾ ಕಡೆ ಹುಡುಕಿದ್ರಂತೆ." ಅವಳು ಅತ್ತೆಯ ಕಡೆ ತಿರುಗಿದಳು. "ಒಳಗೆ ಹೋಗೋವಾಗ ನಾನು ಚೀಟೀನ ನಿಮ್ಮ ಕೈಗೆ ಕೊಟ್ಟೆ ಅತ್ತೆ. 'ಇದನ್ನ ಕೊಡಿ' ಅಂದೆ. ನೀವು 'ಹೂಂ' ಅಂದ್ರಿ."

"ಕೊಟ್ಟೆನಲ್ಲಮ್ಮ. ಹೇಳೂ ಹೇಳ್ದೆ."

"ಎಷ್ಟು ಸಲ?"

"ಒಂಬತ್ತು."

"ಅತ್ತೆ."

"ಏಳು ಅನ್ಕೋ."

"ಅತ್ತೆ."

"ಮೂರು ಸಲ ಅಂತೂ..."

ಸೊಸೆ ತನ್ನ ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗೋಡೆಯ ಗಡಿಯಾರ ನೋಡಿದಳು. ಒಂದು ನಿಮಿಷ ಅಷ್ಟು ಉದ್ದವಿರುತ್ತದೆಂದು ಬ್ರೇಕಮ್ಮನಿಗೆ ಗೊತ್ತಿರಲಿಲ್ಲ. ಇಲ್ಲಿ ಮಾತ್ರ ಉತ್ಪ್ರೇಕ್ಷೆಯಿಲ್ಲ.

"ಅರವತ್ನಾಲ್ಕು," ಎಂದಳು ಸೊಸೆ. "ಹುಟ್ಟಿದಾಗಿಂದ ನನಗೆ ಇಷ್ಟು ಸಿಟ್ಟು ಬಂದಿಲ್ಲ ಅತ್ತೆ. ನಿಮ್ಮನ್ನ ಹಿಡಿದು ಅಲ್ಲಾಡಿಸ್ಬೇಕು ಅನ್ನಿಸ್ತಿದೆ. ಆದ್ರೂ ಕೈ ನಡುಗ್ತಿಲ್ಲ, ಎದೆ ಹೊಡ್ಕೊಳ್ತಿಲ್ಲ. ಅರವತ್ನಾಲ್ಕು. ಮಾತ್ರೆ ನನ್ನ ಸಿಟ್ಟನ್ನೂ ಎದೆ ಹತ್ರ ಬಿಡ್ತಿಲ್ಲ. ಇಷ್ಟು ದೊಡ್ಡ ಮೈಗೇ ಹೀಗೆ. ಅದು ಅಂಗೈಯಷ್ಟು ಜೀವ. ಹಸಿವಾದ್ರೂ ನಡುಗೋಕಾಗ್ಲಿಲ್ಲ ಅದಕ್ಕೆ, ಅಳೋಕಾಗ್ಲಿಲ್ಲ. ನಾವೆಲ್ಲ ಸುತ್ತ ಕೂತು ಎಷ್ಟು ಒಳ್ಳೇ ಮಗು ಅಂತ ಹೊಗಳ್ತಿದ್ವಿ." ಅವಳು ಉಸಿರೆಳೆದುಕೊಂಡಳು. "ಈ ಸಿಸ್ಟರ್ ತಪ್ಪು ಮಾಡಿದ್ರೆ ನಾನೇ ಸಹಿ ಹಾಕಿಸ್ತೀನಿ. ಎಷ್ಟು ಸಲ ಹೇಳಿದ್ರಿ?"

ಬ್ರೇಕಮ್ಮ ಸಿಸ್ಟರನ್ನು ನೋಡಿದಳು. ಪೆನ್ನನ್ನು ನೋಡಿದಳು. ಬಾಯಿಗೆ ಮಾತು ಬರುವ ಮುಂಚೆಯೇ ಬೆರಳುಗಳು ಕೈಚೀಲದ ಜಿಪ್ಪನ್ನು ಎಳೆದವು. ಡ್ರೈವಿಂಗ್ ಪರೀಕ್ಷೆಯ ಅರ್ಜಿಗಳ ನಡುವಿನಿಂದ ದಪ್ಪ ಚೀಟಿ ಹೊರಗೆ ಬಂತು. ನಾಲ್ಕು ಮಡಿಕೆಯಾಗಿತ್ತು. ಅವಳು ಅದನ್ನು ತಪ್ಪೊಪ್ಪಿಗೆಯ ಕಾಗದದ ಮೇಲಿಟ್ಟು ಅಂಗೈಯಿಂದ ಸಪಾಟು ಮಾಡಿದಳು. ಮತ್ತೆ ಮತ್ತೆ ಮಾಡಿದಳು.

"ಒಂದ್ಸಲಾನೂ ಹೇಳ್ಲಿಲ್ಲ," ಎಂದಳು.

ಮಗ ಕ್ಯಾಲೆಂಡರಿನಿಂದ ತಿರುಗಿದ.

"ಈ ಹುಡುಗಿ ಸರಿಯಾಗೇ ಕೇಳಿದ್ಲು. ಎರಡು ಸಲ ಕೇಳಿದ್ಲು. ಹಿಂದೆ ಹಾರ್ನಮ್ಮ ನಿಂತಿದ್ಲು. ಐದು ತಿಂಗಳಿಂದ ಅವಳಿಗೆ ಹೇಳ್ಕೊಂಡು ಬಂದಿದ್ದೆ, ನನ್ನ ಸೊಸೆ ಅಂದ್ರೆ ಹೊಸ ಎಂಜಿನ್ನು, ಒಂದು ಮಾತ್ರೆ ನುಂಗಿದ್ದಿಲ್ಲ ಅಂತ. ಅವಳ ಮಗಳಿಗೆ ಸಕ್ಕರೆ ಕಾಯಿಲೆ ಅಂದಾಗ ನಕ್ಕಿದ್ದೆ. ಈಗ ಅವಳೆದುರಿಗೆ ಎದೆ ಕಾಯಿಲೆ ಅಂತ ಹ್ಯಾಗೆ ಹೇಳ್ಲಿ? 'ನಮ್ಮನೇಲಿ ಮಾತ್ರೆ ಅನ್ನೋದನ್ನೇ ಕಂಡಿಲ್ಲ' ಅಂದೆ. ಅವಳು ಅತ್ತ ಹೋದ ಮೇಲೆ ಹೇಳೋಣ ಅನ್ಕೊಂಡೆ. ಅವಳು ಹೋಗ್ಲಿಲ್ಲ. ಆಮೇಲೆ ಹೆರಿಗೆ ಆಯ್ತು, ಎಲ್ಲಾ ಚೆನ್ನಾಗಿದೆ ಅಂದ್ರು. ಇನ್ನು ಹೇಳಿ ಏನು ಅನ್ಕೊಂಡೆ. ನನಗೆ ಗೊತ್ತಿತ್ತು ಮೇಡಂ. ಡಾಕ್ಟ್ರು ಹೇಳಿದ್ದು ಒಂದಕ್ಷರಾನೂ ಮರ್ತಿರ್ಲಿಲ್ಲ."

"ಕಾಲು ತಣ್ಣಗಿದೆ ಅಂತ ಕಂಡಿದ್ದು ನೀವೇ ಅಂತ ನನಗೂ ಹೇಳಿದ್ರಲ್ಲ?" ಎಂದು ಸೊಸೆ ಕೇಳಿದಳು.

"ನಾನಲ್ಲ. ಇವಳೇ." ಬ್ರೇಕಮ್ಮ ಸಿಸ್ಟರಿನ ಕಡೆ ಕೈ ತೋರಿಸಿದಳು, ಮುಖ ತೋರಿಸಲಿಲ್ಲ. "ಡ್ಯೂಟಿ ಮುಗಿದಿತ್ತು. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋಗ್ತಾ ಇದ್ದೋಳು ಹಾಗೇ ಒಳಗೆ ಬಂದ್ಲು. ಆ ಅರವತ್ತು ಇವಳ ತಲೇಲಿ ಕೊರೀತಿತ್ತು ಅನ್ಸುತ್ತೆ. ಮಗು ಕಾಲು ಮುಟ್ಟಿದ್ಲು. 'ಮಲಗಿರೋ ಕೂಸನ್ನ ಎಬ್ಬಿಸ್ಬೇಡ' ಅಂತ ನಾನು ಕೈ ಅಡ್ಡ ಹಿಡಿದೆ. ನನ್ನನ್ನ ತಳ್ಳಿ ಎತ್ಕೊಂಡು ಓಡಿದ್ಲು. ಏಳು ಜನ ಡಾಕ್ಟ್ರು ಬರ್ಲಿಲ್ಲ, ಒಬ್ಬರೇ ಬಂದಿದ್ದು. ಅವರನ್ನ ಕೂಗಿ ಕರೆದೋಳೂ ಇವಳೇ."

"ಮತ್ತೆ ನೀವು ಕೂಗಿದ್ದು?" ಎಂದಳು ಮೇಲ್ವಿಚಾರಕಿ.

"ಕೂಗಿದ್ದು ನಿಜ," ಎಂದಳು ಬ್ರೇಕಮ್ಮ. "ಇವಳ ಮೇಲೆ ಕೂಗ್ದೆ, ತಳ್ಳಿದ್ಲು ಅಂತ. ಅದೊಂದೇ ನಾನು ಹೆಚ್ಚು ಮಾಡಿ ಹೇಳ್ದೆ ಇರೋದು."